ಅದಿರಿಗೆ ಆದ್ಯತೆ, ಜೋಳಕ್ಕೆ ಸರದಿ

ಮಲೆನಾಡಿನ ಬಳಗವೊಂದರ ಪತ್ರಿಕೆಯಲ್ಲಿ ಬಳ್ಳಾರಿ ತಾಲ್ಲೂಕಿನ ರೂಪನಗುಡಿಯ ಮಾತೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಅಲ್ಲಿ ಶೋಲಾ ಕಾಡಿಲ್ಲ, ಜಲಪಾತವಿಲ್ಲ, ಸಿಂಗಳೀಕವಿಲ್ಲ. ಎರೆಹೊಲ, ನೆತ್ತಿ ಸುಡುವ ಬಿಸಿಲು, ಮಳೆ ತಪ್ಪಿದರೆ ಗುಳೆ ಹೊರಡುವ ಜನ, ಇಷ್ಟೇ ಆ ಸೀಮೆಯ ಬಗ್ಗೆ ನಮ್ಮಲ್ಲಿ ಉಳಿದಿರುವ ಚಿತ್ರ. ಆದರೆ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಬಲದಂಡೆಯ ಕಾಲುವೆಗಳ ಮೂಲಕ ಹರಿಯುವುದು ಆ ಬಯಲಿಗೇ. ನಮ್ಮ ಬೆಟ್ಟದ ಮಣ್ಣು ಜರಿದರೆ ಅದು ಹೋಗಿ ಕೂರುವುದು ಅವರ ಜಲಾಶಯದಲ್ಲಿ. ಅವರ ಕುರಿಗಳ ಗೊಬ್ಬರ ಲಾರಿಗಳಲ್ಲಿ ಬಂದು ಬೀಳುವುದು ನಮ್ಮ ಅಡಿಕೆ ತೋಟಗಳ ಬುಡಕ್ಕೆ.

ಇನ್ನೂ ಒಂದು ನಂಟಿದೆ. ಕುದುರೆಮುಖದಲ್ಲಿ ಅದಿರು ಅಗೆಯುತ್ತಿದ್ದ ಸರ್ಕಾರಿ ಕಂಪನಿಯನ್ನು ನಿಲ್ಲಿಸಲು ಮಲೆನಾಡಿನ ಜನ ಹೋರಾಡಿದ್ದನ್ನು ನಮ್ಮ ಹಿರಿಯ ಓದುಗರು ಮರೆತಿಲ್ಲ. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ಅಂತಿಮ ಗಡುವು ನೀಡಿತು. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು. ನಾವು ಸಂಭ್ರಮಿಸಿದೆವು. ಆದರೆ ಅದೇ ಕೆಐಒಸಿಎಲ್ ಕಂಪನಿಗೆ ಮುಂದೆ ಸಂಡೂರಿನ ದೇವದಾರಿ ಬೆಟ್ಟವನ್ನು ಮೀಸಲಿಡಲಾಯಿತು. ಸುಮಾರು 401 ಹೆಕ್ಟೇರ್ ಅರಣ್ಯ, 99,330 ಮರಗಳು ಆ ಯೋಜನೆಯ ಲೆಕ್ಕದಲ್ಲಿದ್ದವು. 2024ರ ಜೂನ್‌ನಲ್ಲಿ ಕೇಂದ್ರದ ಸಚಿವರು ಕಡತಕ್ಕೆ ಸಹಿ ಹಾಕಿದಾಗ ಜನಸಂಘಟನೆಗಳು ಎದ್ದು ನಿಂತವು. ಕುದುರೆಮುಖದ ಹಳೆಯ ಉಲ್ಲಂಘನೆಗಳನ್ನು ಮುಂದಿಟ್ಟು ರಾಜ್ಯದ ಅರಣ್ಯ ಸಚಿವರು ಅರಣ್ಯ ಹಸ್ತಾಂತರವನ್ನು ತಡೆಹಿಡಿಯಲು ಸೂಚಿಸಿದರು. ನಮ್ಮ ಬೆಟ್ಟ ಉಳಿದರೆ ಸಾಕು ಎಂದು ನಾವು ಕೈತೊಳೆದುಕೊಂಡರೆ ಆ ಗುದ್ದಲಿ ಮತ್ತೊಬ್ಬರ ಬೆಟ್ಟಕ್ಕೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಲೇಖನದ ವಾದ ಒಂದೇ. ನಮ್ಮ ರಾಜ್ಯದ ಕೃಷಿನೀತಿಯ ಆದ್ಯತೆಗಳು ತಲೆಕೆಳಗಾಗಿವೆ. ಮೊದಲ ಪಂಕ್ತಿಯಲ್ಲಿ ಅದಿರು, ಎರಡನೆಯದರಲ್ಲಿ ಕಾಲುವೆಯ ಮೇಲ್ಭಾಗದ ಭತ್ತ, ಎಲ್ಲರೂ ಉಂಡೆದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ಖುಷ್ಕಿ ರೈತ ಮತ್ತು ಕುರಿಗಾಹಿ. ಈ ಸರದಿಯನ್ನು ತಿರುಗಿಸದೆ ಎಷ್ಟೇ ಪ್ಯಾಕೇಜು ಘೋಷಿಸಿದರೂ ಬಯಲು ಉಳಿಯುವುದಿಲ್ಲ, ಬೆಟ್ಟವೂ ಉಳಿಯುವುದಿಲ್ಲ.

ಎರೆನೆಲದ ಲೆಕ್ಕ

ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 500 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ಸುರಿಯುವ ಮಳೆಯನ್ನು ಅಲ್ಲಿನ ರೈತ ಒಂದು ಇಡೀ ವರ್ಷಕ್ಕೆ ಹಂಚಿಕೊಳ್ಳಬೇಕು. ಅದಕ್ಕೆ ಅವನಿಗೆ ದೊರೆತ ಸಾಧನ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಮಣ್ಣು ಮಳೆ ಬಂದಾಗ ನೀರು ಕುಡಿದು ಉಬ್ಬಿ, ಬಿರುಕನ್ನು ತಾನೇ ಮುಚ್ಚಿಕೊಂಡು, ಹಸಿಯನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಸೆಪ್ಟೆಂಬರ್ ಅಕ್ಟೋಬರಿನ ಮಳೆಯನ್ನು ನಂಬಿ ಕೂರಿಗೆ ಹೂಡಿದ ಹಿಂಗಾರಿ ಜೋಳ ಆಮೇಲೆ ಒಂದು ಹನಿ ಬೀಳದಿದ್ದರೂ ಚಳಿಯ ಇಬ್ಬನಿಯಲ್ಲೇ ತೆನೆ ಹಿಡಿಯುವುದು ಈ ಮಣ್ಣಿನ ಗುಣದಿಂದ. ಜೋಳದ ಕಾಳು ಮನೆಗೆ, ಸೊಪ್ಪೆ ದನಕ್ಕೆ, ಕೂಳೆ ಕುರಿಗೆ, ಕುರಿಯ ಹಿಕ್ಕೆ ಮರಳಿ ಹೊಲಕ್ಕೆ. ನವಣೆ, ಸಜ್ಜೆ, ಕಡಲೆ, ಕುಸುಬೆ, ಅಕ್ಕಡಿಯಲ್ಲಿ ತೊಗರಿ: ಹೊರಗಿನಿಂದ ಕೊಳ್ಳಬೇಕಾದದ್ದು ತೀರ ಕಡಿಮೆ ಇದ್ದ ಬೇಸಾಯ ಅದು.

ಅದು ಬಡತನವಿಲ್ಲದ ಸ್ವರ್ಗವಾಗಿತ್ತೆಂದು ನಾವು ಹೇಳುತ್ತಿಲ್ಲ. 1876ರಿಂದ 1878ರವರೆಗಿನ ಧಾತು ಬರದಲ್ಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಆ ಅನುಭವದಿಂದಲೇ ಖುಷ್ಕಿ ಬೇಸಾಯದ ವಿಜ್ಞಾನಕ್ಕೆ ಈ ನೆಲ ಪ್ರಯೋಗಶಾಲೆಯೂ ಆಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ರೋಹ್ಟಕ್‌ಗಳ ಜೊತೆಗೆ ಬಳ್ಳಾರಿ ಬಳಿಯ ಹಗರಿಯಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. 1954ರಲ್ಲಿ ಬಳ್ಳಾರಿಯಲ್ಲೇ ಕೇಂದ್ರ ಸರ್ಕಾರದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಆರಂಭವಾಯಿತು. ಇಳಿಜಾರಿಗೆ ಅಡ್ಡವಾಗಿ ಉಳುಮೆ, ಸಮಪಾತಳಿ ಬದು, ಹೊಲದ ತಗ್ಗಿನಲ್ಲಿ ಕೃಷಿಹೊಂಡ, ಹೆಚ್ಚುವರಿ ನೀರಿಗೆ ಕೋಡಿ, ಬದುವಿನ ಮೇಲೆ ಹುಲ್ಲು. ಏನು ಮಾಡಬೇಕು ಎಂಬ ಜ್ಞಾನ ಜಿಲ್ಲೆಯೊಳಗೇ ಹಲವು ದಶಕಗಳಿಂದ ಇದೆ. ಆ ಜ್ಞಾನವನ್ನು ಆಯವ್ಯಯದ ಮೊದಲ ಪುಟಕ್ಕೆ ತರುವ ಮನಸ್ಸು ಮಾತ್ರ ಯಾವ ಪಕ್ಷದ ಸರ್ಕಾರಕ್ಕೂ ಬರಲಿಲ್ಲ. ಬದು ಹಾಕಿದ್ದಕ್ಕೆ ಉದ್ಘಾಟನೆಯ ಕಲ್ಲು ನೆಡುವಂತಿಲ್ಲ, ಗುತ್ತಿಗೆದಾರನಿಗೆ ದೊಡ್ಡ ಬಿಲ್ಲು ಹುಟ್ಟುವುದಿಲ್ಲ.

ಪರಿಣಾಮವಾಗಿ ಬರ ಬಂದ ಮೇಲೆ ಪರಿಹಾರ ಹಂಚುವುದೇ ನಮ್ಮ ಖುಷ್ಕಿ ನೀತಿಯಾಗಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ಅಷ್ಟರಲ್ಲಿ ಮುಂಗಾರಿನ ಹೊಲ ಒಣಗಿ, ಹಿಂಗಾರಿನ ಹೊಲ ಬಿತ್ತದೆ ಉಳಿದು, ದನ ಸಂತೆಗೆ ಹೋಗಿಯಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕುವುದೆಂದರೆ ಇದೇ.

ಕಾಲುವೆ ಕಲಿಸಿದ ಪಾಠ

"ಬಳ್ಳಾರಿಗೆ ತುಂಗಭದ್ರೆ ಇದೆಯಲ್ಲ?" ಎಂಬ ಪ್ರಶ್ನೆ ಸಹಜ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟು ಆ ಸೀಮೆಯ ಬದುಕನ್ನು ಬದಲಿಸಿದ್ದು ನಿಜ. ಆದರೆ ಅದನ್ನು ಯಾವ ಉದ್ದೇಶಕ್ಕೆ ಕಟ್ಟಲಾಯಿತು ಎಂಬುದನ್ನು ನೆನಪಿಸಿಕೊಳ್ಳಬೇಕು. ಬರದಿಂದ ಬೆಳೆಯನ್ನು ಕಾಪಾಡಲು, ಸ್ವಲ್ಪ ಸ್ವಲ್ಪ ನೀರನ್ನು ಬಹಳ ಎಕರೆಗೆ ಹಂಚಲು ರೂಪಿಸಿದ ಯೋಜನೆ ಅದು. ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆಂದು ಬಹುಪಾಲು ಭೂಮಿಯನ್ನು ಗುರುತಿಸಲಾಗಿತ್ತು. ನಡೆದದ್ದೇ ಬೇರೆ. ಕಾಲುವೆಯ ಮೇಲ್ಭಾಗದವರು ಭತ್ತಕ್ಕಿಳಿದರು. ಗಿರಣಿ, ಸಾಲ, ರಸಗೊಬ್ಬರ, ಬೆಂಬಲ ಬೆಲೆ ಎಲ್ಲವೂ ಭತ್ತದ ಸುತ್ತ ಬೆಳೆದವು. ಸಿರುಗುಪ್ಪದ ಅಕ್ಕಿ ನಾಡಿಗೆಲ್ಲ ಹೋಯಿತು. ಕೊನೆಭಾಗದ ಹೊಲಕ್ಕೆ ನೀರು ಬರುವುದು ಪ್ರತಿವರ್ಷದ ಹೋರಾಟವಾಯಿತು. ನೀರು ಹೆಚ್ಚು ನಿಂತ ಕಡೆ ಎರೆಮಣ್ಣು ಸವಳು-ಜವಳಿಗೆ ತುತ್ತಾಯಿತು. ತುಂಗಭದ್ರಾ ಅಚ್ಚುಕಟ್ಟಿನ ಸವಳುಭೂಮಿಯನ್ನು ಸುಧಾರಿಸುವ ಸಂಶೋಧನೆಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ದುಡಿಯಬೇಕಾಗಿ ಬಂದಿರುವುದೇ ಈ ತಪ್ಪಿನ ಗಾತ್ರವನ್ನು ಹೇಳುತ್ತದೆ.

ಜಲಾಶಯವೂ ಕುಗ್ಗುತ್ತಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಕಳೆದುಹೋದ ಇಪ್ಪತ್ತೇಳು-ಇಪ್ಪತ್ತೆಂಟು ಟಿಎಂಸಿ ನೀರಿನ ಜಾಗದಲ್ಲಿ ಕುಳಿತಿರುವುದು ಮಣ್ಣು. ಅದರಲ್ಲಿ ಒಂದು ಪಾಲು ಬಂದದ್ದು ನಾವು ಬೋಳಿಸಿದ, ಅಗೆದ, ಕೊರೆದ ಬೆಟ್ಟಗಳಿಂದ. ಮಲೆನಾಡಿನ ನಾವು ಈ ವಿಷಯದಲ್ಲಿ ಬರೀ ಸಾಕ್ಷಿಗಳಲ್ಲ, ಆರೋಪಿಗಳೂ ಹೌದು. ಸರ್ಕಾರದ ಉತ್ತರವೋ, ನವಲಿಯಲ್ಲಿ ಇನ್ನೊಂದು ಸಮತೋಲನ ಜಲಾಶಯ. ಹೂಳು ಬರುವ ಬೆಟ್ಟವನ್ನು ಬಿಟ್ಟು ಹೂಳು ತುಂಬಲು ಮತ್ತೊಂದು ಹೊಂಡ ತೋಡುವ ಯೋಜನೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ದಿನಗಟ್ಟಲೆ ನದಿಗೆ ಹರಿದುಹೋಯಿತು. 2025ರಲ್ಲಿ ಜಲಾಶಯವನ್ನು ಪೂರ್ಣ ತುಂಬಿಸದೆ ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ವರ್ಷಾಂತ್ಯದಲ್ಲಿ ತೀರ್ಮಾನವಾಯಿತು. ಎಪ್ಪತ್ತು ವರ್ಷ ನಿಂತ ಒಂದು ಸರಪಳಿಗೆ ಲಕ್ಷಾಂತರ ಎಕರೆಯ ಬದುಕನ್ನು ಕಟ್ಟಿಹಾಕಿದರೆ ಆಗುವುದು ಇದೇ. ಕಾಲುವೆ ಬೇಡವೆಂದು ನಾವು ಹೇಳುವುದಿಲ್ಲ. ಕಾಲುವೆ ಇದೆಯೆಂದು ಮಳೆಯನ್ನು ಮರೆತ ನೀತಿ ಬೇಡವೆಂದು ಹೇಳುತ್ತೇವೆ.

ಭತ್ತಕ್ಕೆ ನೀರು ಸಾಲದ ರೈತ ಮೆಣಸಿನಕಾಯಿಗೆ ಹೋದ. ಬೀಜ, ಗೊಬ್ಬರ, ವಾರವಾರ ಕೀಟನಾಶಕ, ಬಿಡಿಸುವ ಕೂಲಿ ಎಲ್ಲಕ್ಕೂ ಸಾಲ. 2021-22ರಲ್ಲಿ ಕಪ್ಪು ಥ್ರಿಪ್ಸ್ ಹುಳು ಹೂವನ್ನೇ ತಿಂದಿತು. ಬೆಳೆ ಬಂದ ವರ್ಷ ಬೆಲೆ ಬರಲಿಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ದಿಢೀರನೆ ಕುಸಿದಾಗ ದೂರದೂರಿನಿಂದ ಮೂಟೆ ಹೊತ್ತು ಬಂದಿದ್ದ ರೈತರ ಸಿಟ್ಟು ಸ್ಫೋಟಿಸಿ ಕಚೇರಿ, ವಾಹನಗಳು ಬೆಂಕಿಗೆ ಬಿದ್ದವು. ಬೆಂಕಿ ಹಚ್ಚುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲದ, ಸಾಕಷ್ಟು ಶೀತಲಗೃಹಗಳಿಲ್ಲದ ಬೆಳೆಗೆ ರೈತನನ್ನು ನೂಕಿ, ಬೆಲೆ ಬಿದ್ದ ದಿನ ಪೊಲೀಸರನ್ನು ಮಾತ್ರ ಕಳುಹಿಸುವ ವ್ಯವಸ್ಥೆಯನ್ನು ಯಾರು ಸಮರ್ಥಿಸಬಲ್ಲರು? 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಗುಂಡಿಗೆ ಬಲಿಯಾದ ರೈತರದೂ ನೀರಾವರಿ ಪ್ರದೇಶವೇ ಆಗಿತ್ತು. ನೀರು ಕೊಟ್ಟೆವೆಂದು ಕರ ಕೇಳಿದ ಸರ್ಕಾರ, ಆ ನೀರಿನಿಂದ ರೈತ ಬದುಕಿದನೇ ಎಂದು ಕೇಳಿರಲಿಲ್ಲ.

ಕುರಿಗಾಹಿ ಯಾರ ಲೆಕ್ಕದಲ್ಲಿ?

ರೈತನಿಗೆ ಸರದಿಯ ಕೊನೆಯಲ್ಲಾದರೂ ಜಾಗವಿದೆ. ಕುರಿಗಾಹಿಗೆ ಸರದಿಯೇ ಇಲ್ಲ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಬಳ್ಳಾರಿ ಹೆಸರಿನ ಕುರಿ ತಳಿಯೇ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿದೆ. ಆ ಕುರಿ ಮೇಯುವ ನೆಲ ಯಾವುದೆಂದು ಕೇಳಿದರೆ ಯಾವ ಕಚೇರಿಯಲ್ಲೂ ಸರಿಯಾದ ಉತ್ತರ ಸಿಗುವುದಿಲ್ಲ. ಕುರಿಗಾಹಿಗೆ ಪಹಣಿಯಿಲ್ಲ, ಪಹಣಿಯಿಲ್ಲದವನಿಗೆ ಬೆಳೆಸಾಲವಿಲ್ಲ, ಬರಪರಿಹಾರವಿಲ್ಲ. ಕುರಿ ಸತ್ತರೆ ಒಂದಿಷ್ಟು ಪರಿಹಾರ ನೀಡುವ 'ಅನುಗ್ರಹ'ದಂಥ ಯೋಜನೆ ಇದೆ. ಕುರಿ ಬದುಕಿರುವಾಗ ಮೇಯಲು ನೆಲ ಕೊಡುವ ಯೋಜನೆ ಇಲ್ಲ.

ಕಾನೂನಿನಲ್ಲಿ ನೆಲವಿದೆ. ಪ್ರತಿ ನೂರು ಜಾನುವಾರಿಗೆ 30 ಎಕರೆಯಂತೆ ಗೋಮಾಳ ಕಾಯ್ದಿರಿಸಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳೇ ಹೇಳುತ್ತವೆ. ಆದರೆ ಗೋಮಾಳವನ್ನು 'ಪಾಳುಭೂಮಿ' ಎಂದು ಕರೆದು ಕೊಡುವುದು ನಮ್ಮ ಆಡಳಿತಕ್ಕೆ ಹಳೆಯ ರೂಢಿ. 1984ರಲ್ಲಿ ಸಿ ಮತ್ತು ಡಿ ದರ್ಜೆಯ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ವಹಿಸಲು ಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಹೂಡಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಂಪನಿ ಕೊನೆಗೆ ಬಾಗಿಲು ಹಾಕಿತು. ಆ ಪಾಠ ವಿಧಾನಸೌಧಕ್ಕೆ ತಲುಪಲಿಲ್ಲ. ಬಳ್ಳಾರಿಯ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, 2007ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ, ಅಣು ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ತಲೆತಲಾಂತರದಿಂದ ಕುರಿ, ದನ ಮೇಯಿಸಿದ ಊರವರಿಗೆ ವಿಷಯ ತಿಳಿದದ್ದು ಗೋಡೆ ಏಳತೊಡಗಿದಾಗ.

ಕುರಿಗಾಹಿ ಮಂದೆ ಹೊಡೆದುಕೊಂಡು ಮಲೆನಾಡಿನ ಅಂಚಿಗೆ ಬಂದಾಗ ಅವನನ್ನು ಎದುರಿಸುವುದು ಅರಣ್ಯ ಇಲಾಖೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ವಿಷದಿಂದ ಸತ್ತದ್ದು ನಮ್ಮೆಲ್ಲರನ್ನೂ ಕಲಕಿದ ದುರಂತ. ಆದರೆ ಅದರ ಬೆನ್ನಿಗೇ, ಜುಲೈನಲ್ಲಿ, ರಾಜ್ಯದ ಅರಣ್ಯಗಳಲ್ಲಿ ಜಾನುವಾರು ಮೇಯಿಸುವುದನ್ನೇ ನಿಷೇಧಿಸುವ ಸೂಚನೆ ಹೊರಬಿತ್ತು. ಒಂದು ಕಾಡಿನ ಅಪರಾಧಕ್ಕೆ ನಾಡಿನ ದನಗಾಹಿಗಳೆಲ್ಲರಿಗೂ ಶಿಕ್ಷೆ! 2006ರ ಅರಣ್ಯ ಹಕ್ಕು ಕಾಯ್ದೆಯ 3ನೇ ಪ್ರಕರಣ ಮೇಯಿಸುವ ಹಕ್ಕನ್ನು, ಅಲೆಮಾರಿ ಪಶುಪಾಲಕರ ಋತುಮಾನದ ಹಕ್ಕನ್ನು ಸ್ಪಷ್ಟ ಶಬ್ದಗಳಲ್ಲಿ ಗುರುತಿಸಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷಗಳ ಸಾಕ್ಷ್ಯ ತರಬೇಕು. ಈ ಮಾತು ಕೇಳಿದೊಡನೆ ನಮ್ಮ ಓದುಗರಲ್ಲಿ ಎಷ್ಟು ಜನರಿಗೆ ತಮ್ಮದೇ ತಿರಸ್ಕೃತ ಅರ್ಜಿ ನೆನಪಾಗುವುದಿಲ್ಲ? ಮಲೆನಾಡಿನ ಒತ್ತುವರಿದಾರನೆಂಬ ಹಣೆಪಟ್ಟಿಯ ಬಡರೈತನೂ, ಬಳ್ಳಾರಿಯ ಕುರಿಗಾಹಿಯೂ ಒಂದೇ ಕಾಯ್ದೆಯ ಒಂದೇ ಹೊಸ್ತಿಲಲ್ಲಿ ನಿಂತಿದ್ದಾರೆ. ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗೆಂದು ಸರ್ಕಾರ 2025ರಲ್ಲಿ ವಿಧೇಯಕವೊಂದನ್ನು ರೂಪಿಸಿದ್ದು ಸ್ವಾಗತಾರ್ಹ. ಆದರೆ ದೌರ್ಜನ್ಯದಿಂದ ರಕ್ಷಿಸಿ, ಮೇಯಲು ನೆಲ ಕೊಡದಿದ್ದರೆ ಅದು ಹಸಿದವನ ತಲೆಗೆ ಕೊಡೆ ಹಿಡಿದಂತೆ.

ಗಣಿಯ ಹಣ ಯಾರದು?

ಹಣವಿಲ್ಲ ಎಂದು ಸರ್ಕಾರ ಹೇಳುವಂತಿಲ್ಲ. ಬಳ್ಳಾರಿಯ ಮಟ್ಟಿಗಂತೂ ಖಂಡಿತ ಹೇಳುವಂತಿಲ್ಲ.

2000ದ ದಶಕದಲ್ಲಿ ಚೀನಾದ ಬೇಡಿಕೆಗೆ ಸಂಡೂರು-ಹೊಸಪೇಟೆಯ ಬೆಟ್ಟಗಳು ಹೇಗೆ ಕರಗಿದವೆಂಬುದು ಎಲ್ಲರಿಗೂ ಗೊತ್ತು. ಕೆಂಪು ದೂಳು ರಸ್ತೆ ಬದಿಯ ಹತ್ತಿ, ಜೋಳ, ಮೆಣಸಿನ ಗಿಡಗಳನ್ನು ಮುಚ್ಚಿತು. ಗಣಿಯ ಮಣ್ಣು ನಾರಿಹಳ್ಳಕ್ಕೆ ಇಳಿಯಿತು. ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಂದಿಗೆ ಮತ್ತೆ ಅವಕಾಶ ನೀಡಿದಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿಯಿತ್ತು. ಆ ಮಿತಿ ಹಂತಹಂತವಾಗಿ ಏರಿ 2022ರ ಆಗಸ್ಟ್‌ನಲ್ಲಿ 3.5 ಕೋಟಿ ಟನ್ನಾಯಿತು. ಅದಿರಿನ ಮಿತಿ ಏರಿಸಲು ನಮ್ಮ ವ್ಯವಸ್ಥೆಗೆ ಎಷ್ಟು ಚುರುಕು!

ಅದಿರು ಮಾರಾಟದ ಹಣದಲ್ಲಿ ಒಂದು ಪಾಲನ್ನು ಕಡಿದು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಇಡಬೇಕೆಂದು ನ್ಯಾಯಾಲಯ ಆದೇಶಿಸಿತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆ ಸಿದ್ಧವಾಯಿತು. 2022ರಲ್ಲಿ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಲಾಯಿತು. ಇದರ ಜೊತೆಗೆ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ಇಷ್ಟು ಹಣ ಒಂದೆಡೆ ಸೇರಿದಾಗ ಎದುರು ಬರುವ ಪ್ರಸ್ತಾವಗಳು ಯಾವುವು? ರಸ್ತೆ, ಕಟ್ಟಡ, ರೈಲುಮಾರ್ಗ, ಅದಿರು ಸಾಗಿಸುವ ವ್ಯವಸ್ಥೆ. ಅಂದರೆ ಗಾಯ ಮಾಡಿದವನಿಗೇ ಮುಲಾಮಿನ ಹಣದಲ್ಲಿ ಹೊಸ ಕತ್ತಿ. ಶಾಲೆ, ಆಸ್ಪತ್ರೆ ಬೇಡವೆಂದು ನಾವು ಹೇಳುವುದಿಲ್ಲ; ಅವು ಸರ್ಕಾರದ ನಿತ್ಯದ ಹೊಣೆ, ಆಯವ್ಯಯದಿಂದ ಬರಬೇಕು. ದೂಳು ತಿಂದ ಹೊಲ, ಹೂಳು ತುಂಬಿದ ಕೆರೆ, ಕಳೆದುಹೋದ ಗೋಮಾಳ, ಇವುಗಳನ್ನು ಮೊದಲು ಸರಿಪಡಿಸುವುದಕ್ಕೆ ತಾನೆ ಪುನಶ್ಚೇತನವೆಂದು ಹೆಸರಿಟ್ಟದ್ದು? ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ.

ಕುಡತಿನಿಯ ಕಥೆಯನ್ನೂ ಇಲ್ಲಿ ಹೇಳಬೇಕು. 2010ರ ಸುಮಾರಿಗೆ ಕುಡತಿನಿ, ವೇಣಿವೀರಾಪುರ, ಜಾನೆಕುಂಟೆ, ಹರಗಿನಡೋಣಿ ಮುಂತಾದ ಹಳ್ಳಿಗಳ 12,000 ಎಕರೆಗೂ ಹೆಚ್ಚು ಕೃಷಿಭೂಮಿಯನ್ನು ಉಕ್ಕಿನ ಕಾರ್ಖಾನೆಗಳಿಗೆಂದು ಸ್ವಾಧೀನಪಡಿಸಿಕೊಳ್ಳಲಾಯಿತು. ಉದ್ಯೋಗದ ಭರವಸೆ ನೀಡಲಾಯಿತು. ಭರವಸೆಯ ಕಾರ್ಖಾನೆಗಳು ಏಳಲಿಲ್ಲ. ಭೂಮಿ ಕಳೆದುಕೊಂಡವರು 2022ರ ಡಿಸೆಂಬರ್‌ನಲ್ಲಿ ಅನಿರ್ದಿಷ್ಟ ಧರಣಿಗೆ ಕೂತರು. ಹೊಲವೂ ಇಲ್ಲದ, ಕೆಲಸವೂ ಇಲ್ಲದ ಒಂದು ತಲೆಮಾರು ಅಲ್ಲಿ ಬೆಳೆದುನಿಂತಿದೆ. ಇದರ ನಡುವೆಯೇ, 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳನ್ನು ತೆಗೆದುಹಾಕಿ ರೈತರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಡಲಾಯಿತು. ಎರಡು ಬರ ಕಂಡ ಖುಷ್ಕಿ ರೈತ ಮೊದಲು ಮಾರುವುದು ದನವನ್ನು, ಆಮೇಲೆ ಹೊಲವನ್ನು. ಕೊಳ್ಳುವವರು ಕಾದಿದ್ದಾರೆ.

ಎದುರು ವಾದಗಳು

ಗಣಿ ನಿಂತರೆ ಉದ್ಯೋಗ ಹೋಗುತ್ತದೆ ಎನ್ನುವವರಿದ್ದಾರೆ. 2011ರಲ್ಲಿ ಗಣಿ ನಿಂತಾಗ ಲಾರಿ ಚಾಲಕರು, ಕೂಲಿಗಳು ಬೀದಿಗೆ ಬಂದದ್ದು ಸತ್ಯ. ಅವರ ನೋವು ನಮಗೆ ಅನ್ಯವಲ್ಲ. ಆದರೆ ಒಂದು ದಿನದ ತೀರ್ಪಿಗೆ, ಒಂದು ದೇಶದ ಬೇಡಿಕೆಗೆ ಮುರಿದುಬೀಳುವ ಉದ್ಯೋಗವನ್ನು ನಂಬಿ ಶತಮಾನಗಳ ಬೇಸಾಯವನ್ನು ಕೈಬಿಡುವುದು ಜಾಣತನವೇ? ಅದಿರು ಒಮ್ಮೆ ತೆಗೆದರೆ ಮತ್ತೆ ಬೆಳೆಯುವುದಿಲ್ಲ.

ಜೋಳಕ್ಕೆ ಒಳ್ಳೆಯ ಬೆಂಬಲ ಬೆಲೆ ಇದೆಯಲ್ಲ ಎನ್ನುವವರೂ ಇದ್ದಾರೆ. ಕಾಗದದ ಮೇಲೆ ಇದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಆದರೆ ಬೆಲೆ ಘೋಷಿಸುವುದು ಬೇರೆ, ಕೊಳ್ಳುವುದು ಬೇರೆ. ಸಾಲಗಾರ ಕಣದಲ್ಲೇ ಕಾದು ಕುಳಿತಿರುವಾಗ ಸಣ್ಣ ರೈತ ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾರ. ತಡವಾಗಿ ತೆರೆದ ಕೇಂದ್ರದಲ್ಲಿ ಮಾರುವವನು ಬಹುತೇಕ ವರ್ತಕ.

ಮೂರನೆಯ ವಾದ ನಮ್ಮ ಪರಿಸರವಾದಿ ಮಿತ್ರರದೇ: ಕುರಿ ಕಾಡನ್ನು ತಿನ್ನುತ್ತದೆ. ಅತಿಮೇವಿನಿಂದ ಕಾಡಿನ ಎಳೆಸಸಿಗೆ ಹಾನಿಯಾಗುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹುಲ್ಲುಗಾವಲನ್ನೆಲ್ಲ ಕಾರ್ಖಾನೆಗೂ ನೆಡುತೋಪಿಗೂ ಕೊಟ್ಟು, ಕುರಿ ಕಾಡಿಗೇಕೆ ಬಂತೆಂದು ಕೇಳುವುದು ಯಾವ ನ್ಯಾಯ? ಬಯಲಿನ ಕಾವಲು ಉಳಿದರೆ ಬೆಟ್ಟದ ಮೇಲಿನ ಒತ್ತಡ ತಾನಾಗಿಯೇ ಇಳಿಯುತ್ತದೆ. ಕುರಿಗಾಹಿಯನ್ನು ಶತ್ರುವೆಂದು ಬಗೆಯುವ ಪರಿಸರವಾದ ಗಣಿಧಣಿಗೆ ಮಾತ್ರ ಅನುಕೂಲ.

ನಮ್ಮ ಒತ್ತಾಯಗಳು

1. ಖುಷ್ಕಿ ಬೇಸಾಯಕ್ಕೆ ರಾಜ್ಯದ ಆಯವ್ಯಯದಲ್ಲಿ ಪ್ರತ್ಯೇಕ ಹಾಗೂ ಮೊದಲ ಪಾಲು. ಬದು, ಕೃಷಿಹೊಂಡ, ಕೆರೆ ಹೂಳೆತ್ತುವ ಕೆಲಸಗಳು ಗುತ್ತಿಗೆದಾರರಿಂದಲ್ಲ, ಗ್ರಾಮಸಭೆಯ ತೀರ್ಮಾನದಿಂದ ಊರವರ ಕೈಯಲ್ಲೇ ನಡೆಯಲಿ.

2. ಜೋಳ, ಸಜ್ಜೆ, ನವಣೆಗಳ ಖರೀದಿ ಕೇಂದ್ರಗಳು ರೂಪನಗುಡಿಯಂಥ ಹೋಬಳಿ ಮಟ್ಟದಲ್ಲಿ, ಸುಗ್ಗಿಗೆ ಮುನ್ನವೇ ತೆರೆಯಲಿ. ಕೊಂಡ ಧಾನ್ಯ ಅದೇ ಜಿಲ್ಲೆಯ ಪಡಿತರಕ್ಕೆ, ಶಾಲೆಯ ಬಿಸಿಯೂಟಕ್ಕೆ ಹೋಗಲಿ.

3. ತುಂಗಭದ್ರಾ ಕಾಲುವೆಗಳಲ್ಲಿ ಕೊನೆಭಾಗಕ್ಕೆ ಮೊದಲ ನೀರು. ನಿಗದಿತ ಬೆಳೆಪದ್ಧತಿಗೆ ಮರಳುವ ರೈತನಿಗೆ ದಂಡವಲ್ಲ, ಪ್ರೋತ್ಸಾಹ. ಸವಳು-ಜವಳು ಭೂಮಿಗೆ ಬಸಿಗಾಲುವೆ. ಹೂಳಿಗೆ ಉತ್ತರ ಹೊಸ ಜಲಾಶಯವಲ್ಲ, ಜಲಾನಯನದ ಕಾಡು.

4. ಪ್ರತಿ ಗ್ರಾಮದ ಗೋಮಾಳದ ಅಳತೆ, ನಕ್ಷೆ, ಒತ್ತುವರಿಯ ವಿವರ ಪಂಚಾಯಿತಿಯ ಗೋಡೆಯ ಮೇಲೆ ಬರಲಿ. ಗೋಮಾಳವನ್ನು ಉಳುವ ಭೂಹೀನರನ್ನು ಒಕ್ಕಲೆಬ್ಬಿಸುವ ನೆಪವಾಗಿ ಇದು ಬಳಕೆಯಾಗಬಾರದು. ಮೊದಲು ತೆರವಾಗಬೇಕಾದದ್ದು ದೊಡ್ಡವರ ಬೇಲಿ. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಗುಂಟೆಯನ್ನೂ ಪರಭಾರೆ ಮಾಡಬಾರದು.

5. ವಲಸೆ ಕುರಿಗಾಹಿಗಳ ಹಾದಿ, ತಂಗುದಾಣ, ನೀರಿನ ತಾಣಗಳನ್ನು ಗುರುತಿಸಿ ಕಾಯ್ದಿರಿಸಲಿ. ಅರಣ್ಯ ಹಕ್ಕು ಕಾಯ್ದೆಯಡಿ ಅವರ ಋತುಮಾನದ ಹಕ್ಕಿನ ಅರ್ಜಿಗಳನ್ನು ಸ್ವೀಕರಿಸಲಿ. ಮಂದೆ ಇರುವೆಡೆಗೇ ಪಶುವೈದ್ಯರು ಹೋಗುವಂತಾಗಲಿ.

6. ಗಣಿ ಪುನಶ್ಚೇತನ ನಿಧಿಯ ಮೊದಲ ಪಾಲು ಹೊಲ, ಕೆರೆ, ಹಳ್ಳ, ಹುಲ್ಲುಗಾವಲಿಗೆ. ಪ್ರತಿ ಕಾಮಗಾರಿಯ ಪಟ್ಟಿ ಕನ್ನಡದಲ್ಲಿ ಪ್ರಕಟವಾಗಲಿ.

7. ದೇವದಾರಿ ಸೇರಿದಂತೆ ಸಂಡೂರಿನ ಉಳಿದ ಅರಣ್ಯದಲ್ಲಿ ಹೊಸ ಗಣಿ ಬೇಡ. ಕುಡತಿನಿಯಲ್ಲಿ ಬಳಸದೆ ಉಳಿದ ಭೂಮಿ ಅದರ ರೈತರಿಗೆ ಮರಳಲಿ.

ವಿದ್ಯಾರ್ಥಿ ಮಿತ್ರರಿಗೆ ಕೊನೆಯ ಮಾತು. ಈ ಒತ್ತಾಯಗಳನ್ನು ಓದಿ ಮಡಿಸಿಟ್ಟರೆ ಪ್ರಯೋಜನವಿಲ್ಲ. ನಿಮ್ಮ ಊರಿನ ಗೋಮಾಳ ಎಷ್ಟಿತ್ತು, ಈಗ ಎಷ್ಟಿದೆ ಎಂದು ಮಾಹಿತಿ ಹಕ್ಕಿನಡಿ ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಿರಿ. ಮುಂದಿನ ಬಾರಿ ಕುರಿಮಂದೆಯೊಂದು ನಿಮ್ಮೂರ ಹಾದಿಯಲ್ಲಿ ಬಂದಾಗ ಅಟ್ಟುವ ಮೊದಲು, ಎಲ್ಲಿಂದ ಬಂದಿರಿ, ಯಾವ ಹಾದಿ ಮುಚ್ಚಿತು ಎಂದು ಆ ಅಜ್ಜನನ್ನು ಕೇಳಿ ಬರೆದುಕೊಳ್ಳಿರಿ. 75 ವರ್ಷಗಳ ಸಾಕ್ಷ್ಯವನ್ನು ಕಾಯ್ದೆ ಕೇಳುತ್ತದೆ. ಹಿರಿಯರ ಹೇಳಿಕೆಯೂ ಅದರಲ್ಲಿ ಸಾಕ್ಷ್ಯವೇ. ಆ ಹೇಳಿಕೆ ಬರೆದಿಡುವ ಕೈಗಳು ನಿಮ್ಮವಾಗಲಿ. ತುಂಗಭದ್ರೆಯ ನೀರನ್ನು ಉಳಿಸಿಕೊಳ್ಳಲು ಒಂದು ಕಾಲದಲ್ಲಿ ನಾವು ಬಯಲಿನವರ ಬೆಂಬಲ ಬೇಡಿದ್ದೆವು. ಈಗ ಎರೆನೆಲದ ಸರದಿಗಾಗಿ ಅವರೊಡನೆ ನಿಲ್ಲುವ ಬಾಕಿ ನಮ್ಮ ಮೇಲಿದೆ.